ಹಸಿರು ಟೀ ಮತ್ತು ಸೋದರಮಾವನ ಸೊಂಟ

ನಮ್ಮ ಮನೆಯಲ್ಲಿ ಒಬ್ಬರು ಆರೋಗ್ಯದ ಕಡೆ ಗಮನ ಕೊಟ್ಟರೆ ಸಾಕು, ಉಳಿದವರಿಗೆಲ್ಲ ಏನಾದರೊಂದು ತೊಂದರೆ ಶುರುವಾಗುತ್ತದೆ. ಯಜಮಾನರು ಬೆಳಗಿನ ವಾಕಿಂಗ್ ಹಿಡಿದ ವರ್ಷ ಬೀದಿ ನಾಯಿ ಕಚ್ಚಿದ್ದು ನನ್ನನ್ನು. ಅತ್ತೆಯವರು ಉಪ್ಪು ಬಿಟ್ಟಾಗ ಬಿ.ಪಿ. ಏರಿದ್ದು ಆ ಅಡುಗೆ ಉಂಡ ನಮ್ಮೆಲ್ಲರದು. ನಾನು ಅನಂತಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವಳು, ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುವ ಅಭ್ಯಾಸ ಅಲ್ಲಿಂದ ಬಂದದ್ದು. ಹಿಂದೂಪುರದ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ, ಕರೆಂಟ್ ಹೋದ ಹೊತ್ತು, ಯಾರ ಜ್ವರ ಎಷ್ಟಕ್ಕೆ ಏರಿತು ಎಂಬುದೆಲ್ಲ ಇರುತ್ತದೆ. ದೊಡ್ಡ ಮಗಳ ಮದುವೆಗೆ ಮುಂಚಿನ ತಿಂಗಳುಗಳಲ್ಲಿ ಮಾತ್ರ ಬರೀ ಹಸಿರು ಟೀ ಇದೆ.

ಒಬ್ಬನೇ ಮಾವ

ನಮ್ಮಲ್ಲಿ ಮದುಮಗಳು ಮಂಟಪಕ್ಕೆ ನಡೆದು ಬರುವುದಿಲ್ಲ. ಬಿದಿರಿನ ಬುಟ್ಟಿಯಲ್ಲಿ ಕೂರಿಸಿ ಸೋದರಮಾವಂದಿರು ಎತ್ತಿಕೊಂಡು ಬರಬೇಕು. ನಾಲ್ಕು ಜನ ಮಾವಂದಿರಿದ್ದರೆ ಸುಖ. ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ಇರುವವನು ಒಬ್ಬನೇ ಸ್ವಂತ ಮಾವ, ಕಲ್ಯಾಣದುರ್ಗದಲ್ಲಿ ಕಡ್ಲೆಕಾಯಿ ಮಂಡಿ ಇಟ್ಟಿರುವ ನನ್ನ ತಮ್ಮ. ಬುಟ್ಟಿಯ ಇನ್ನೊಂದು ಬದಿ ಹಿಡಿಯಲು ನಮ್ಮ ದೊಡ್ಡಪ್ಪನ ಮಗ ಒಪ್ಪಿದ್ದ. ಅವನು ಗಟ್ಟಿಮುಟ್ಟಾದ ಆಳು, ಅವನ ಚಿಂತೆ ಇರಲಿಲ್ಲ. ಚಿಂತೆ ನನ್ನ ತಮ್ಮನ ಸೊಂಟದ್ದು. ಲಾರಿಗೆ ಮೂಟೆ ಏರಿಸುವಾಗ ಜಾರಿ ಬಿದ್ದ ಮೇಲೆ ಡಾಕ್ಟರು, "ಈ ಸೊಂಟ ಇನ್ನು ಒಂದು ಮೂಟೇನೂ ತಡೆಯಲ್ಲಪ್ಪ" ಎಂದು ಹೇಳಿ ಕಳಿಸಿದ್ದರು.

ನನ್ನ ದೊಡ್ಡ ಮಗಳು ಒಂದು ಮೂಟೆಗಿಂತ ಸ್ವಲ್ಪ ಹೆಚ್ಚೇ ಇದ್ದಳು. ಲಕ್ಷಣವಾದ ಹುಡುಗಿ, ನೋಡಲು ಬಂದ ಗಂಡಿನ ಕಡೆಯವರೂ ತುಂಬಿಕೊಂಡಿದ್ದಾಳೆ ಎಂದೇ ಮೆಚ್ಚಿದ್ದರು. ಹಾಗಾಗಿ ಅವಳಿಗೆ ತನ್ನ ಮೈಯ ಬಗ್ಗೆ ಯಾವ ಬೇಸರವೂ ಇರಲಿಲ್ಲ.

"ಬುಟ್ಟಿಯನ್ನು ಬೇರೆ ಹುಡುಗರು ಎತ್ತಲಿ, ನೀನು ಸುಮ್ಮನೆ ಮುಟ್ಟಿಕೊಂಡು ಬಾ" ಎಂದು ತಮ್ಮನಿಗೆ ಹೇಳಿದೆ.

"ಮುಟ್ಕಂಡು ಬರಾಕೆ ನಾನೇನು ಫೋಟೋಕ್ಕೆ ನಿಂತ್ಕಳ್ಳೋನಾ?" ಎಂದ. "ನಂಗೆ ಹೆಣ್ಣುಮಕ್ಳಿಲ್ಲ ಕಣಕ್ಕ. ಎತ್ತೋದು ನಿನ್ ಮಕ್ಳನ್ನೇ. ಬ್ಯಾಡ ಅಂದ್ರೆ ಹೇಳ್ಬುಡು, ನಾನು ಮದ್ವೆಗೇ ಬರಲ್ಲ."

ಇದನ್ನು ಕೇಳಿದ ಮಗಳು ಮರುದಿನವೇ ಒಂದು ಡಬ್ಬಿ ಹಸಿರು ಟೀ ತಂದಳು. ಟೀವಿಯಲ್ಲಿ ಬೆಳಗಿನ ಕಾರ್ಯಕ್ರಮದ ಡಾಕ್ಟರಮ್ಮ ಅದನ್ನು ಕುಡಿದರೆ ತೂಕ ಇಳಿಯುತ್ತದೆ, ಎನರ್ಜಿ ಬರುತ್ತದೆ ಎಂದಿದ್ದರಂತೆ. ಹಾಲಿಲ್ಲ, ಸಕ್ಕರೆ ಇಲ್ಲ, ದಾರ ಕಟ್ಟಿದ ಸಣ್ಣ ಚೀಲವನ್ನು ಬಿಸಿನೀರಿನಲ್ಲಿ ಅದ್ದಿ ಕುಡಿಯುವುದು.

ಮೊದಲ ಲೋಟ ಯಜಮಾನರು ರುಚಿ ನೋಡಿದರು. ಬಹಳ ಹೊತ್ತು ಯೋಚಿಸಿ ಹೇಳಿದರು: "ಟೀ ಚೆನ್ನಾಗಿದೆ. ಈ ಲೋಟದಲ್ಲಿ ಮುಂಚೆ ಯಾರೋ ಕುಡಿದುಹೋಗಿದ್ದಾರೆ ಅಷ್ಟೇ."

ಎರಡು ಭಾಷೆಯಲ್ಲೂ ಒಂದೇ

ಅತ್ತೆಯವರು ಬೆಳುಗುಪ್ಪದ ಕಡೆಯವರು. ಕಿವಿ ಸ್ವಲ್ಪ ಮಂದ, ಆದರೆ ಮಂದ ಎಂದು ಒಪ್ಪುವುದಿಲ್ಲ. ಮೊಮ್ಮಗಳ ಕೈಯಲ್ಲಿದ್ದ ಲೋಟ ನೋಡಿ, "ಅದೇನೇ ಅದು?" ಎಂದರು.

"ಹಸಿರು ಟೀ, ಅಜ್ಜಿ."

"ಹಸಿವು ಟೀನಾ? ಹಂಗಂದ್ರೆ ಕುಡುದ್ರೆ ಹಸಿವಾಯ್ತದಾ?"

"ಹಸಿವಲ್ಲ ಅಜ್ಜಿ, ಹಸಿರು, ಹಸಿರು!"

"ಅದೇ ಅಂದಿದ್ದು ನಾನೂ. ಹಸಿವು."

ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಒಂದು ಭಾಷೆಯಲ್ಲಿ ಆಗದ್ದನ್ನು ಇನ್ನೊಂದರಲ್ಲಿ ಹೇಳುವುದು ನಮ್ಮ ರೂಢಿ. ಮಗಳು ತೆಲುಗಿಗೆ ತಿರುಗಿ, ಎಲೆಯ ಟೀ ಎಂದು ತಿಳಿಯಲಿ ಅಂತ, "ಆಕು ಟೀ ಅಜ್ಜಿ, ಆಕು!" ಎಂದು ಕೂಗಿ ಹೇಳಿದಳು.

ತೆಲುಗಿನಲ್ಲಿ ಎಲೆಗೆ ಆಕು, ಹಸಿವಿಗೆ ಆಕಲಿ. ಅತ್ತೆಯವರ ಮುಖ ಅರಳಿತು. "ನೋಡ್ದಾ, ಆಕಲಿ ಟೀ! ನಾನು ಕನ್ನಡದಾಗೆ ಹೇಳ್ದೆ, ನೀನು ತೆಲುಗುನಾಗೆ ಹೇಳ್ದೆ. ಎರಡೂ ಒಂದೇ ಆಯ್ತಲ್ಲ! ಮದ್ವೆ ಹುಡ್ಗಿ ಊಟ ಮಾಡ್ತಿಲ್ಲ ಅಂತ ನಂಗೂ ಸಂಕಟ ಆಗಿತ್ತು ಕಣಮ್ಮ. ಒಳ್ಳೇ ಔಷಧಿನೇ ತಂದಿದೀಯ."

ಅಂದಿನಿಂದ ಅವಳು ಲೋಟ ಕೆಳಗಿಡುವುದೇ ತಡ, ಅತ್ತೆಯವರು ತಟ್ಟೆ ಹಿಡಿದು ನಿಂತಿರುತ್ತಿದ್ದರು. ರಾಗಿ ರೊಟ್ಟಿ, ಬೆಣ್ಣೆ, ಹುರಿಗಡಲೆ ಚಟ್ನಿ, ಸಂಜೆಗೆ ತಂಬಿಟ್ಟು. ಬರೀ ನೀರು ಕುಡಿದ ಹೊಟ್ಟೆಗೆ ಬೆಣ್ಣೆಯ ವಾಸನೆ ಬಡಿದರೆ ಹುಡುಗಿ ತಾನೇ ಏನು ಮಾಡೀತು? ತಟ್ಟೆ ಖಾಲಿಯಾಗುತ್ತಿತ್ತು. ನಾನು ಪ್ರತಿ ಸೋಮವಾರ ಅವಳನ್ನು ಮೆಡಿಕಲ್ ಶಾಪಿನ ತೂಕದ ಮಷೀನಿನ ಮೇಲೆ ನಿಲ್ಲಿಸಿ ಬಂದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಅರವತ್ತೆಂಟರಿಂದ ಹೊರಟದ್ದು ತಿಂಗಳು ತುಂಬುವುದರೊಳಗೆ ಎಪ್ಪತ್ತಾಯಿತು.

ಅತ್ತೆಯವರು ಕ್ಯಾಲೆಂಡರ್ ಓದಿಸಿಕೊಂಡು, ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಹೇಳಿದರು: "ಇಂಗ್ಲೀಷ್ ಔಷಧಿ ಅಂದ್ರೆ ಇದು ಕಣಮ್ಮ! ಕುಡುದ್ರೆ ಮೈಗೆ ಹತ್ತಬೇಕು!"

ಲೇಪಾಕ್ಷಿ ಬಸ್ಸು

ಇದಾದ ಮೇಲೆ ಮಗಳು ಅಜ್ಜಿಯ ತಟ್ಟೆಯಿಂದ ತಪ್ಪಿಸಿಕೊಳ್ಳಲು ಬೇರೆ ಉಪಾಯ ಹೂಡಿದಳು. ಅವಳು ಲೇಪಾಕ್ಷಿಯ ಶಾಲೆಯೊಂದರಲ್ಲಿ ಟೀಚರ್. ಬೆಳಿಗ್ಗೆ ಟೀ ಕುಡಿದವಳೇ ತಿಂಡಿಗೂ ನಿಲ್ಲದೆ ಬಸ್ಸಿಗೆ ಓಡತೊಡಗಿದಳು.

ಸಂಜೆ ಬಂದಾಗ ಮುಖ ಬಾಡಿದ ಬಸಳೆಯ ಹಾಗೆ ಇರುತ್ತಿತ್ತು. "ಡಾಕ್ಟರಮ್ಮ ಎನರ್ಜಿ ಬರುತ್ತೆ ಅಂದಿದ್ದರಲ್ಲ, ಬಂತಾ?" ಎಂದು ಕೇಳಿದೆ.

"ಬಂದಿದೆ, ಆದರೆ ಪೂರ್ತಿ ಮೂಗಿಗೇ ಬಂದಿದೆ ಅಮ್ಮ" ಎಂದಳು. "ಇವತ್ತು ಹಿಂದಿನ ಸೀಟಿನಲ್ಲಿ ಕೂತಿದ್ದ ಯಾರೋ ಹಳ್ಳಿ ಹೆಂಗಸಿನ ಡಬ್ಬಿಯಲ್ಲಿ ಚಿತ್ರಾನ್ನ ಇದೆ ಅಂತ ಮುಚ್ಚಳ ತೆಗೆಯೋ ಮುಂಚೆನೇ ಗೊತ್ತಾಯ್ತು. ನಿಂಬೆಹಣ್ಣಲ್ಲ, ಮಾವಿನಕಾಯಿ ಹಾಕಿರೋದು ಅಂತಾನೂ ಗೊತ್ತಾಯ್ತು."

"ಅಯ್ಯೋ ಪಾಪ. ಆಮೇಲೆ?"

"ಆಮೇಲೆ ನಾನು ಆ ಡಬ್ಬಿ ಕಡೆಗೇ ನೋಡ್ತಾ ಇದ್ದೆನಂತೆ. 'ತಗೋ ತಾಯಿ, ಬಸುರಿ ಹೆಂಗ್ಸಿನ ಕಣ್ಣು ಬಿದ್ದದ್ದು ನಂಗೆ ದಕ್ಕಲ್ಲ' ಅಂತ ಆಯಮ್ಮ ಡಬ್ಬಿ ನನ್ನ ಕೈಗೇ ಕೊಟ್ಟುಬಿಟ್ಟಳು."

"ನಿನಗಿನ್ನೂ ಮದುವೆಯೇ ಆಗಿಲ್ಲ ಅಂತ ಹೇಳಲಿಲ್ಲವೇನೇ?"

"ಹೇಳೋಣ ಅಂತಿದ್ದೆ ಅಮ್ಮ. ಬಾಯಲ್ಲಿ ಚಿತ್ರಾನ್ನ ಇತ್ತು."

ಶುಗರ್

ಗಂಡಿನ ತಾಯಿ ಸೀರೆಗಳ ವಿಷಯ ಮಾತಾಡಲು ಬಂದರು. ಕೊಡಿಕೊಂಡದ ಹತ್ತಿರದವರು, ಸಾಧು ಹೆಂಗಸು, ಮೆಲುದನಿ. ನಾನು ಎಲ್ಲರಿಗೂ ಹಾಲು ಹಾಕಿದ ಟೀ ಕೊಟ್ಟೆ. ಮಗಳು ತನ್ನ ಲೋಟಕ್ಕೆ ದಾರದ ಚೀಲ ಇಳಿಬಿಟ್ಟು, ಸಕ್ಕರೆ ಹಾಕದೆ ಕುಡಿಯುತ್ತ ಕೂತಳು. ಬೀಗಿತ್ತಿಯವರು ಆ ಲೋಟವನ್ನೇ ನೋಡುತ್ತಿದ್ದರು. ಮದುವೆಗೆ ಮುಂಚೆಯೇ ಹುಡುಗಿ ಸಕ್ಕರೆ ಬಿಟ್ಟಿದ್ದಾಳೆ ಅಂದರೆ ಯಾವ ಅತ್ತೆಗಾದರೂ ಅನುಮಾನ ಬಂದೇ ಬರುತ್ತದೆ.

ನಾನು ಸೀರೆ ತರಲು ಒಳಗೆ ಹೋದದ್ದೇ ತಪ್ಪಾಯಿತು. ಆಕೆ ಮೆಲ್ಲಗೆ ನಮ್ಮ ಅತ್ತೆಯವರ ಕಡೆ ವಾಲಿ, ಕಿವಿಯ ಹತ್ತಿರ, "ಶುಗರ್ ಇದೆಯಾ?" ಎಂದು ಕೇಳಿದರು.

ಅದೇನೋ, ಈ ಮಾತು ಮಾತ್ರ ಅತ್ತೆಯವರಿಗೆ ಸ್ಪಷ್ಟವಾಗಿ ಕೇಳಿಸಿತು. ಮನೆಯಲ್ಲಿ ಸಕ್ಕರೆ ಮುಗಿದಿದೆಯೇ ಎಂದು ಬೀಗರು ಕೇಳುವುದೆಂದರೇನು! ಕೋಪ ಬಂದುಬಿಟ್ಟಿತು.

"ಯಾಕಿಲ್ಲ? ಬೇಕಾದಷ್ಟು ಇದೆ!" ಎಂದರು, ಬೀದಿಗೆ ಕೇಳಿಸುವ ಹಾಗೆ.

ಬೀಗಿತ್ತಿಯವರು ಸಾಸರ್ ಕೆಳಗಿಟ್ಟು ಇನ್ನಷ್ಟು ಹತ್ತಿರ ಸರಿದರು. "ಯಾವಾಗಿನಿಂದ?"

"ಯಾವಾಗಿನಿಂದ ಏನಮ್ಮ, ನಾನು ಸೊಸೆಯಾಗಿ ಬಂದಾಗಿಂದ ಈ ಮನೇಲಿ ಶುಗರ್ ಇಲ್ಲ ಅನ್ನೋ ಮಾತೇ ಇಲ್ಲ. ನಮ್ಮ ಯಜಮಾನ್ರ ಕಾಲ್ದಾಗೂ ಇತ್ತು, ಮಗನ ಕಾಲ್ದಾಗೂ ಐತೆ. ಬೇಕಾದ್ರೆ ಹೇಳಿ, ನಿಮ್ ಮನೆಗೂ ಕಟ್ಟಿಸಿ ಕಳಿಸ್ತೀವಿ!"

ನಾನು ಓಡಿ ಬಂದೆ. ಸೋದರಮಾವ, ಬುಟ್ಟಿ, ಸೊಂಟ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಸುಧಾರಿಸಿಕೊಂಡ ಮೇಲೆ ತಮ್ಮ ಟೀ ಲೋಟವನ್ನು ಮೆಲ್ಲಗೆ ನನ್ನ ಕಡೆ ಸರಿಸಿ, "ನಂಗೆ ಮಾತ್ರ ನಿಜವಾಗ್ಲೂ ಇದೆ ಕಣ್ರೀ. ಹೇಳಾಕೆ ನಾಚಿಕೆ ಆಯ್ತು. ಆ ದಾರದ್ದೇ ಒಂದು ಲೋಟ ಕೊಡಿ" ಎಂದರು.

ಕಾಟಾ

ಲಗ್ನಪತ್ರಿಕೆ ಕೊಡಲು ಮಗಳೂ ನಾನೂ ಕಲ್ಯಾಣದುರ್ಗಕ್ಕೆ ಹೋದೆವು. ತಮ್ಮನ ಮಂಡಿಯಲ್ಲಿ ಮೂಟೆ ತೂಗುವ ದೊಡ್ಡ ಕಾಟಾ ಇದೆ. ನಾವು ಕಾಲಿಟ್ಟ ಹೊತ್ತಿಗೆ ಹಮಾಲಿಗಳು ಒಂದೊಂದೇ ಮೂಟೆ ಇಟ್ಟು ತೂಗುತ್ತಿದ್ದರು. ಅವರಲ್ಲಿ ಹಿರಿಯವನು ತೂಕವನ್ನು ರಾಗವಾಗಿ ಕೂಗಿ ಹೇಳುತ್ತಿದ್ದ.

ಮಗಳಿಗೆ ಮೆಡಿಕಲ್ ಶಾಪಿನ ಮಷೀನಿನ ಮೇಲೆ ಅನುಮಾನ. "ಅದು ಸರಿ ಇಲ್ಲ ಅಮ್ಮ, ಇದರಲ್ಲಿ ನೋಡ್ತೀನಿ" ಎಂದವಳೇ, ನಾನು ಬೇಡ ಬೇಡ ಎನ್ನುವುದರೊಳಗೆ ಕಾಟಾ ಹತ್ತಿ ನಿಂತಳು.

ಕೂಗುವ ಹಮಾಲಿಗೆ ಅದು ಅಭ್ಯಾಸಬಲ. ಮುಖ ಎತ್ತಿ ನೋಡಲೂ ಇಲ್ಲ. "ಡೆಬ್ಬೈ ಒಕಟೀ!" ಎಂದು ಎಪ್ಪತ್ತೊಂದನ್ನು ಮಂಡಿಯ ಮೂಲೆಮೂಲೆಗೂ ಮುಟ್ಟಿಸಿದ. ಆಮೇಲೆ ಕಣ್ಣೆತ್ತಿ, ಕಾಟಾದ ಮೇಲೆ ನಿಂತಿರುವುದು ಮಂಡಿಯ ಯಜಮಾನನ ಅಕ್ಕನ ಮಗಳೆಂದು ತಿಳಿದು ನಾಲಿಗೆ ಕಚ್ಚಿಕೊಂಡ. ಪಾಪ, ತಪ್ಪನ್ನು ಸರಿಮಾಡಲು ಗೋಣಿಯ ತೂಕ ಕಳೆಯುವ ಹಾಗೆಯೇ ಇನ್ನೊಮ್ಮೆ ಕೂಗಿದ: "ಚೀರಕು ಒಕಟಿ ತೀಸೇಯಂಡಿ! ಸೀರೆಗೆ ಒಂದು ಕಳೀರಿ!"

ಮಗಳು ನಕ್ಕುಬಿಟ್ಟಳು. ತಮ್ಮ ನಗಲಿಲ್ಲ. ಲೆಕ್ಕಕ್ಕೆ ಬಿದ್ದಿದ್ದ. "ಅದೇನೋ ಟೀ ಕುಡೀತಿದ್ಲಲ್ಲ ಅಕ್ಕ, ಏನದರ ಹೆಸ್ರು?"

"ಹಸಿರು ಟೀ."

"ಅಂದ್ರೆ ಹಸೀದಾ?"

"ಹಸಿರು ಅಂದರೆ ಬಣ್ಣ ಕಣೋ."

"ಒಣಗ್ಸಿದ್ರೆ ಕೆಂಪಗಾಯ್ತಿತ್ತು, ಒಣಗ್ಸಿಲ್ಲ, ಅದ್ಕೇ ಹಸ್ರುಗೈತೆ. ಮಂಡೀಲಿ ಕೂತೋನಿಗೆ ಹೇಳ್ತೀಯಾ?" ಎಂದು ಒಂದು ಹಿಡಿ ಕಡ್ಲೆಕಾಯಿ ಎತ್ತಿ ನನ್ನ ಮುಂದೆ ಹಿಡಿದ. "ಹಸಿಕಾಯಿ ಯಾವತ್ತೂ ತೂಕ ಜಾಸ್ತಿ ಬತ್ತದೆ ಕಣಕ್ಕ. ಹಸೀದು ಕುಡಿಸ್ಕಂಡು ತೂಕ ಇಳೀಲಿ ಅಂದ್ರೆ ಹೆಂಗೆ? ಬಿ.ಎಸ್ಸಿ. ಓದಿದೋಳು ನೀನು!"

ಎನರ್ಜಿ

ತೂಕದ ಆಸೆ ಕೈಬಿಟ್ಟ ತಮ್ಮ ಎನರ್ಜಿಯ ಕಡೆ ತಿರುಗಿದ. ಅವಳು ಹಗುರಾಗದಿದ್ದರೆ ತಾನು ಗಟ್ಟಿಯಾಗಬೇಕು ಎಂದು ತೀರ್ಮಾನಿಸಿ ಮಗಳ ಚೀಲದಲ್ಲಿದ್ದ ಟೀ ಡಬ್ಬಿಯನ್ನು ತಾನೇ ಇಟ್ಟುಕೊಂಡ. ಅದ್ದಿ ಕುಡಿಯುವ ತಾಳ್ಮೆ ಅವನಿಗೆಲ್ಲಿ? ಚೀಲಗಳನ್ನು ಹರಿದು, ಸೊಪ್ಪನ್ನು ಚೊಂಬಿಗೆ ಸುರಿದು, ಕಷಾಯದ ಹಾಗೆ ಕುದಿಸಿ ಮೂರು ಹೊತ್ತೂ ಕುಡಿದನಂತೆ.

ವಾರದೊಳಗೆ ಅವನ ಹೆಂಡತಿಯಿಂದ ಫೋನ್ ಬಂತು. ಅವಳು ನನ್ನನ್ನು ತೆಲುಗಿನಲ್ಲಿ ಅತ್ತಿಗೆ ಎಂದೇ ಕರೆಯುವವಳು. "ವದಿನಾ, ಏನು ಕೊಟ್ಟು ಹೋದ್ರಿ ನಿಮ್ಮ ತಮ್ಮನಿಗೆ? ಕೂತ್ಕಳ್ಳಂಗೇ ಇಲ್ಲ! ಎದೆ ಡಬಡಬ ಅಂತದೆ, ಅದೇ ಎನರ್ಜಿ ಅಂತಾರೆ. ಪೂರ್ವದ ಗೋಡೆಗಿದ್ದ ಮೂಟೆಗಳ್ನೆಲ್ಲ ಪಶ್ಚಿಮಕ್ಕೆ ಹಾಕ್ಸುದ್ರು. ಇವತ್ತು ಅಲ್ಲಿ ಗಾಳಿ ಆಡಲ್ಲ ಅಂತ ಮತ್ತೆ ಪೂರ್ವಕ್ಕೆ ಹಾಕ್ಸ್ತಾವ್ರೆ!"

"ಅವನೇನೂ ಎತ್ತುತ್ತಿಲ್ಲ ತಾನೇ?"

"ಇಲ್ಲ ವದಿನಾ, ಬರೀ ಕೈ ತೋರಿಸ್ತಾವ್ರೆ."

ಅಷ್ಟರಲ್ಲಿ ಆ ಹಿರಿಯ ಹಮಾಲಿ ಫೋನ್ ಇಸಿದುಕೊಂಡ. ದನಿಯಲ್ಲಿ ಬಹಳ ವಿನಯ. "ಅಮ್ಮಾ, ಆ ಟೀ ಒಳ್ಳೇದೇ ಅಮ್ಮಾ. ನಾವು ಬ್ಯಾಡ ಅನ್ನಲ್ಲ. ಕುಡಿಯೋರು ಒಬ್ರು, ಮೂಟೆ ಎತ್ತೋರು ಒಬ್ರು ಆದ್ರೆ ಹೆಂಗಮ್ಮಾ? ನಮಗೂ ಒಂದು ಡಬ್ಬಿ ಕಳಿಸ್ಬುಡಿ."

ನಾನು ಫೋನನ್ನು ತಮ್ಮನಿಗೆ ಕೊಡಿಸಿ ಟೀ ನಿಲ್ಲಿಸಲು ಹೇಳಿದೆ. ಹಾಗೆಯೇ ಬುಟ್ಟಿಯ ಮಾತನ್ನೂ ಇನ್ನೊಮ್ಮೆ ತೆಗೆದೆ. ಒಂದು ಸಲ ಸೊಂಟ ಮುರಿದರೆ ಹಾಸಿಗೆ ಹಿಡಿಯುತ್ತೀಯ, ಮದುವೆಯ ಸಂತೋಷವೆಲ್ಲ ನೀರುಪಾಲಾಗುತ್ತದೆ ಎಂದೆ. ಅವನು ಬುಟ್ಟಿಯ ಮಾತಿಗೆ ಮಾತ್ರ ಉತ್ತರ ಕೊಟ್ಟ:

"ಅಕ್ಕ, ಅವ್ಳು ಸಣ್ಣೋಳಿದ್ದಾಗ ರಜಾಕ್ಕೆ ಬಂದ್ರೆ ಹೆಗಲ ಮ್ಯಾಲಿಂದ ಇಳೀತಿರ್ಲಿಲ್ಲ, ಗೆಪ್ತಿ ಐತಾ? ಇದೊಂದು ಸಲ ಎತ್ಬುಡ್ತೀನಿ. ಆಮೇಲೆ ಹಾಸಿಗೆ ಹಿಡುದ್ರೂ ಪರ್ವಾಗಿಲ್ಲ."

ನಾನು ಫೋನ್ ಇಟ್ಟೆ. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಮಗಳು, "ಮಾವನೇ ಎತ್ತಲಿ ಬಿಡಮ್ಮ" ಎಂದಳು. "ಯಾರೂ ಹಾಸಿಗೆ ಹಿಡಿಯಲ್ಲ. ಬುಟ್ಟಿ ಮಾತ್ರ ನಾನೇ ಮಾಡಿಸ್ತೀನಿ, ನೀನು ತಲೆ ಹಾಕಬೇಡ."

ಅಂದಿನಿಂದ ಅವಳು ಟೀ ನಿಲ್ಲಿಸಿದಳು. ಅಜ್ಜಿ ತಂದಿಟ್ಟ ತಂಬಿಟ್ಟನ್ನು ನಿಶ್ಚಿಂತೆಯಿಂದ ತಿಂದಳು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಎತ್ತಿದ್ದು

ಮದುವೆ ಹಿಂದೂಪುರದ ಛತ್ರದಲ್ಲಿ. ಗೌರಿಪೂಜೆ ಮುಗಿಸಿ ಮದುಮಗಳು ಬುಟ್ಟಿಗಾಗಿ ಕಾದಿದ್ದಳು. ಅಜ್ಜಿ ಮೊಮ್ಮಗಳು ಇಬ್ಬರೇ ಸೇರಿ ಬುಟ್ಟಿಗೆ ಸಿಂಗಾರ ಮಾಡಿದ್ದರು. ಸುತ್ತಲೂ ರೇಷ್ಮೆ ಸೀರೆ ಇಳಿಬಿಟ್ಟು, ಅಂಚಿಗೆ ಸೇವಂತಿಗೆ ಕಟ್ಟಿದ್ದರು. ಸೀರೆ ನೆಲ ಗುಡಿಸುವಷ್ಟು ಉದ್ದವಾಯಿತು ಎಂದೆ. "ನಿಂಗೆ ತಿಳಿಯಲ್ಲ, ಸುಮ್ನಿರು" ಎಂದರು ಅತ್ತೆಯವರು.

ಮಗಳು ಬುಟ್ಟಿಯೊಳಗೆ ಇಳಿದು ಕುಕ್ಕರುಗಾಲಲ್ಲಿ ಕೂತಳು. ಒಂದು ಬದಿಗೆ ದೊಡ್ಡಪ್ಪನ ಮಗ, ಇನ್ನೊಂದು ಬದಿಗೆ ನನ್ನ ತಮ್ಮ. ತಮ್ಮ ಪಂಚೆ ಬಿಗಿದು, ಕಣ್ಣು ಮುಚ್ಚಿ, ಮನೆದೇವರನ್ನು ನೆನೆದ. ಛತ್ರದ ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡಿರಲು ಯಜಮಾನರಿಗೆ ಮೊದಲೇ ಹೇಳಿದ್ದೆ, ಬಿದ್ದರೆ ನೇರ ಆಸ್ಪತ್ರೆಗೆ ಒಯ್ಯಲು.

"ಎತ್ತು!" ಎಂದರು ಯಾರೋ. ವಾಲಗ ಮೊಳಗಿತು.

ಬುಟ್ಟಿ ಹೂವೆತ್ತಿದ ಹಾಗೆ ಮೇಲೆದ್ದಿತು. ತಮ್ಮ ಇನ್ನೂ ಹಲ್ಲು ಕಚ್ಚಿಕೊಳ್ಳುತ್ತಲೇ ಇದ್ದ, ಅಷ್ಟರಲ್ಲಿ ಅದು ಅವನ ಸೊಂಟದ ಮಟ್ಟಕ್ಕೆ ಬಂದಾಗಿತ್ತು. ಕಣ್ಣು ತೆರೆದು ನಂಬಲಾರದೆ ನೋಡಿದ. ಆಮೇಲೆ ಎದೆ ಉಬ್ಬಿಸಿ ಹೆಜ್ಜೆ ಇಟ್ಟ. ನಾನೂ ನಂಬಲಾರದೆ ನೋಡಿದೆ. ಕಾಟಾ ಸುಳ್ಳು ಹೇಳಿತ್ತೇ?

ಆಗ ನೆಲದ ಕಡೆ ಕಣ್ಣು ಹೋಯಿತು. ಇಳಿಬಿದ್ದ ಸೀರೆಯ ಅಂಚಿನ ಕೆಳಗೆ, ಪಾರಾಣಿಯ ಕೆಂಪು ಬಣ್ಣ ಹಚ್ಚಿದ ಎರಡು ಪಾದಗಳು ಪುಟಪುಟನೆ ನಡೆಯುತ್ತಿದ್ದವು.

ಬುಟ್ಟಿಗೆ ತಳವೇ ಇರಲಿಲ್ಲ. ಹೆಣೆದುಕೊಟ್ಟ ಮೇದರ ಹೆಂಗಸು, "ತಳ ಇಲ್ಲದ ಬುಟ್ಟೀಲಿ ಏನು ತುಂಬ್ತೀಯಮ್ಮ?" ಎಂದು ಕೇಳಿದ್ದಳಂತೆ. "ನನ್ನನ್ನೇ" ಎಂದಿದ್ದಳಂತೆ ನನ್ನ ಮಗಳು. ಒಳಗಡೆ ಎರಡು ಹಿಡಿ ಕಟ್ಟಿಸಿ, ಅವನ್ನು ಹಿಡಿದು ತಾನೇ ಬುಟ್ಟಿ ಎತ್ತಿಕೊಂಡು ನಡೆದಳು. ಮೇಲೆ ನೋಡಿದವರಿಗೆ ತಲೆ ತಗ್ಗಿಸಿ ಕೂತ ಮದುಮಗಳು.

ದೊಡ್ಡಪ್ಪನ ಮಗನಿಗೂ ಅನುಮಾನ ಬಂದು ಕೆಳಗೆ ಬಗ್ಗಿ ನೋಡಿದ. ಜಾಣ. ಮರುಕ್ಷಣವೇ ಮುಖ ಕಿವುಚಿ, ಬೆಟ್ಟ ಹೊತ್ತವನ ಹಾಗೆ ಮುಲುಗತೊಡಗಿದ. ಇತ್ತ ನನ್ನ ತಮ್ಮ, "ನಿಧಾನ ಕಣ್ಲಾ, ಭಾರ ನನ್ ಕಡೆಗೆ ಬಿಡು, ನಾನ್ ನೋಡ್ಕತೀನಿ" ಎಂದು ಅವನಿಗೇ ಧೈರ್ಯ ಹೇಳುತ್ತಿದ್ದ. ವಾಲಗದ ಗತಿ ಏರಿದಂತೆ ಬುಟ್ಟಿಯೂ ಜೋರಾಗಿ, ಕೊನೆಗೆ ತಮ್ಮನನ್ನು ಎಳೆದುಕೊಂಡೇ ಹೋಯಿತು. ಮಂಟಪದ ಮೆಟ್ಟಿಲನ್ನು ಬುಟ್ಟಿ ಮೊದಲು ಹತ್ತಿತು, ಅವನು ಆಮೇಲೆ.

ಹಸೆಮಣೆಯ ಮೇಲೆ ಚಕ್ಕಳಮಕ್ಕಳ ಕೂತಾಗ ಅವಳ ಅಂಗಾಲು ಪುರೋಹಿತರ ಕಣ್ಣಿಗೆ ಬಿತ್ತು. "ಇದೇನಮ್ಮ, ಬುಟ್ಟಿಯಲ್ಲಿ ಬಂದ ಹುಡುಗಿಯ ಅಂಗಾಲಿಗೆ ಇಷ್ಟು ಮಣ್ಣು?"

ಅತ್ತೆಯವರಿಗೆ ಅಂದು ಎರಡು ಕಿವಿಯೂ ಚೆನ್ನಾಗಿದ್ದವು. "ಹೊಲದ ಬುಟ್ಟಿ ಸ್ವಾಮಿ, ಮಣ್ಣು ಅದ್ರಾಗೇ ಇತ್ತು. ನೀವು ಮಂತ್ರ ಹೇಳಿ, ಮುಹೂರ್ತ ಮೀರ್ತದೆ."

ಊಟದ ಪಂಕ್ತಿಯಲ್ಲಿ ತಮ್ಮ ಎಲೆಯ ಮುಂದೆ ನೆಟ್ಟಗೆ ಕೂತಿದ್ದ. ಸೊಂಟಕ್ಕೆ ಏನೂ ಆಗಿರಲಿಲ್ಲ. ಬಡಿಸುವವರನ್ನೆಲ್ಲ ನಿಲ್ಲಿಸಿ ತೋಳು ಮುಟ್ಟಿಸಿ ನೋಡಿಸುತ್ತಿದ್ದ. ನಾನು ಒಬ್ಬಟ್ಟಿಗೆ ತುಪ್ಪ ಹಾಕಲು ಬಗ್ಗಿದಾಗ ಕೈ ಹಿಡಿದುಕೊಂಡ. ಕಣ್ಣು ತುಂಬಿ ಬಂದಿತ್ತು. ಎದುರು ಸಾಲಿನಲ್ಲಿ ಕೂತು ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿಸಿಕೊಳ್ಳುತ್ತಿದ್ದ ನನ್ನ ಚಿಕ್ಕ ಮಗಳ ಕಡೆ ಗದ್ದ ಎತ್ತಿ ತೋರಿಸಿ ಹೇಳಿದ:

"ಆ ಟೀ ಶಕ್ತಿ ನಂಗೆ ಇವತ್ತು ಗೊತ್ತಾಯ್ತು ಕಣಕ್ಕ. ಚಿಕ್ಕೋಳ ಮದ್ವೆಗೆ ಇನ್ನೊಬ್ರು ಬ್ಯಾಡ. ನಾನೊಬ್ನೇ ತಲೆ ಮ್ಯಾಲೆ ಹೊತ್ಕಂಡು ಬತ್ತೀನಿ!"